ಮುಪ್ಪಿನಿಂದ ಹರೆಯಕ್ಕೆ ಓಡಿದ ಸಿನಿಮಾ

ಮಾನ್ವಿ
೧೪-೯-೧೯೮೭

ತಮ್ಮ ಯಂಕೋಬನಿಗೆ,

ದಸ್ತಗೀರಣ್ಣನ ಸಲಾಂ. ನಿನ್ನ ಕಾರ್ಡು ಬಂದು ಬಹಳ ದಿನವಾಯಿತು. ಉತ್ತರ ಬರಲಿಲ್ಲವೆಂದು ಮುನಿಸಿಕೊಳ್ಳಬೇಡ. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಮೈಕು ಹಿಡಿದು ಇಂಗ್ಲಿಷ್ ಸಿನಿಮಾಗಳ ಕಥೆಯನ್ನು ಊರಿಗೆಲ್ಲ ಕನ್ನಡದಲ್ಲಿ ಹೇಳಿದವನಿಗೆ ನಾಲ್ಕು ಸಾಲು ಬರೆಯುವುದು ಕಷ್ಟ ಎಂದರೆ ನೀನು ನಗುತ್ತೀ. ಆಗ ಎದುರಿಗೆ ಜನ ಇದ್ದರು. ಈಗ ನಾನು ಮಾತಾಡಿದರೆ ಗೋಡೆಯೇ ಹೂಂ ಅನ್ನಬೇಕು.

ನಿನ್ನ ಸುದ್ದಿ ಓದಿ ಮೊದಲು ಹೊಟ್ಟೆತುಂಬ ನಕ್ಕೆ. ನೀನು ಆಪರೇಟರ್ ಆಗಿರುವ ರಾಯಚೂರಿನ ಥೇಟರಿಗೆ ನಮ್ಮ ಆ ಗಿಟಾರಿನ ಸಿನಿಮಾ ಬೆಳಗಿನ ಆಟಕ್ಕೆ ಬಂದಿತ್ತಂತೆ. ಡಬ್ಬಿಗಳ ಮೇಲೆ ಇಂಗ್ಲಿಷಿನಲ್ಲಿ ಬರೆದ ನಂಬರು ನೋಡಿ, ಎಪ್ಪತ್ತೊಂದರಲ್ಲಿ ನಮ್ಮ ಡೇರೆಯಲ್ಲಿ ಅದನ್ನು ಕಡೆಯ ರೀಲಿನಿಂದ ಮೊದಲ ರೀಲಿಗೆ ಓಡಿಸಿದ್ದೆವು ಎಂದು ನಿನಗೆ ಈಗ ತಿಳಿಯಿತಂತೆ. ಭಲೇ ತಮ್ಮಾ, ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ರೀಲು ಹಾಕಿದವನು ನೀನಾದರೂ ತಪ್ಪು ನಿನ್ನದೊಬ್ಬನದೇ ಅಲ್ಲ ಬಿಡು. ದೇವದುರ್ಗದ ಬಸ್ಸಿನ ಟಾಪಿನ ಮೇಲಿಂದ ಇಳಿಸಿದಾಗ ಡಬ್ಬಿಗಳು ತಲೆಕೆಳಗಾಗಿಯೇ ಇದ್ದವು. ಇಂಗ್ಲಿಷ್ ನಿನಗೂ ಬರುತ್ತಿರಲಿಲ್ಲ, ನನಗೂ ಅಷ್ಟಕ್ಕಷ್ಟೆ.

ನಾವು ಮೊದಲು ಹಾಕಿದ ರೀಲು ಮುಗಿಯುತ್ತಲೇ ಪರದೆಯ ಮೇಲೆ ‘ದಿ ಎಂಡ್’ ಎಂದು ಬಂತಲ್ಲ, ಜನ ಎದ್ದು ಗದ್ದಲ ಮಾಡಿದರಲ್ಲ. ನಾನು ಮೈಕಿನಲ್ಲಿ, “ಕುಂದರ್ರಿ, ಕುಂದರ್ರಿ. ಮುದುಕನ ಮುಪ್ಪು ಮುಗೀತು ಅಂತ ಬರದಾರ. ಇನ್ನ ಅವನ ಹರೇ ಸುರು ಆಗ್ತದ” ಎಂದೆ. ಎಲ್ಲರೂ ತೆಪ್ಪಗೆ ಕೂತರು. ಆಮೇಲೆ ರೀಲಿಗೆ ತಕ್ಕ ಹಾಗೆ ಕಥೆ ಕಟ್ಟುತ್ತ ಹೋದೆ. ಹೆಂಡತಿಯ ಗುರುತೇ ಇಲ್ಲದ ಒಬ್ಬ ಮುದುಕ, ಅವನ ಕೈಯಲ್ಲೊಂದು ಮಾಯದ ಗಿಟಾರು. ಅದನ್ನು ಬಾರಿಸಿ ಒಂದೊಂದು ಹಾಡು ಕಿರುಚಿದಾಗಲೂ ಒಂದೊಂದು ನೆನಪು ವಾಪಸು ಬರುತ್ತದೆ, ಕೂದಲು ಕಪ್ಪಾಗುತ್ತದೆ. ಆ ಸಂಗೀತಕ್ಕೆ ರಾಕ್ ಅನ್ನುತ್ತಾರಂತೆ. ನಮ್ಮವರಿಗೆ ಅದರ ಡ್ರಮ್ಮು ಮೊಹರಮ್ಮಿನ ಹಲಗೆಯ ಹಾಗೆ ಕೇಳಿಸಿತು, ಹುಡುಗರು ಅಲ್ಲೇ ಎದ್ದು ಕುಣಿದರು. ಕಡೆಗೆ ಅವನು ಹದಿಹರೆಯದವನಾಗಿ ಅದೇ ಹೆಂಗಸಿನ ಕೈ ಹಿಡಿದ. ಹೆಂಗಸರ ಕಡೆಯಲ್ಲಿ ಕೂತಿದ್ದ ನನ್ನ ಹೆಂಡತಿ ಇಮಾಮ್ ಬೀ ಸಂತೋಷಕ್ಕೆ ಅತ್ತಳು.

ನಿಜವಾದ ಕಥೆ ಉಲ್ಟಾ ಎಂದು ಬರೆದಿದ್ದೀ. ಹಾಡಿಗೊಂದು ನೆನಪು ಕಳೆದುಕೊಂಡು, ಮುದುಕನಾಗಿ, ಹೆಂಡತಿ ಎದುರಿಗೆ ನಿಂತರೂ ಗುರುತು ಸಿಗದೆ ಕೂತಲ್ಲಿಗೆ ಮುಗಿಯುತ್ತದಂತೆ. ಅದನ್ನು ಓದಿದ ಮೇಲೆ ನಗು ನಿಂತಿತು.

ಇಮಾಮ್ ಬೀಗೆ ಮರೆವು ಹತ್ತಿದೆ, ಯಂಕೋಬ. ಮೊದಮೊದಲು ವಯಸ್ಸೆಂದು ಬಿಟ್ಟೆ. ಈಗ ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು, ಎಂದೋ ತೀರಿಹೋದ ತನ್ನ ಅಕ್ಕ ಮುನವ್ವರ್ ಬೀಗೆ ಕೊಟ್ಟು ಬರುತ್ತೇನೆಂದು ಹೊರಡುತ್ತಾಳೆ. ಹಿಂದಿನ ವಾರ ಗಬ್ಬೂರಿನ ತವರಿಗೆಂದು ಬಸ್ಸು ಹತ್ತಿ ಕೂತಿದ್ದಳು, ಕಂಡಕ್ಟರ್ ಗುರುತಿನವನಾಗಿದ್ದಕ್ಕೆ ಇಳಿಸಿ ಕರೆತಂದ. ನನ್ನನ್ನು ಒಮ್ಮೊಮ್ಮೆ ಬಹಳ ಹೊತ್ತು ನೋಡುತ್ತಾಳೆ. ಆದರೆ ಆ ಸಿನಿಮಾ ಮಾತ್ರ ಮರೆತಿಲ್ಲ. “ಆ ಮುದುಕಗ ಎಲ್ಲಾ ವಾಪಸ್ ಬಂತಲ್ರಿ, ನನಗೂ ಬರ್ತದ. ಅದನ್ನ ಇನ್ನೊಮ್ಮೆ ತೋರಸ್ರಿ” ಅನ್ನುತ್ತಾಳೆ. ಮನೆಯಲ್ಲಿ ನಮ್ಮ ಮಾತು ದಖನಿ ಉರ್ದು, ನಿನಗಾಗಿ ಕನ್ನಡದಲ್ಲಿ ಬರೆದೆ.

ಸಿನಿಮಾದಿಂದ ಮರೆವು ಹೋಗುತ್ತದೆಂದು ನಂಬುವಷ್ಟು ಹುಚ್ಚ ನಾನಲ್ಲ. ಆದರೂ ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಆಟ ಮುಗಿದರೂ ಡಬ್ಬಿಗಳನ್ನು ಒಯ್ಯಲು ಯಾರೂ ಬಂದಿಲ್ಲ ಎಂದಿದ್ದೀಯಲ್ಲ, ನಿಮ್ಮ ಮ್ಯಾನೇಜರ್ ಸತ್ತಾರ್ ಸಾಬ್ ಅವರ ಕೈಕಾಲು ಹಿಡಿದಾದರೂ ಒಂದು ಸಲ ಓಡಿಸು. ನಂಬರಿನ ಪ್ರಕಾರ ಬೇಡ, ನಮ್ಮ ಪ್ರಕಾರ ಓಡಿಸು. ಅವಳು ನನ್ನನ್ನು ಪೂರ್ತಿ ಮರೆಯುವ ಮೊದಲು ಇದೊಂದು ಆಗಬೇಕು.

ನಿನ್ನ ಅಣ್ಣ,
ಗುಲಾಮ್ ದಸ್ತಗೀರ್


ಮಾನ್ವಿ
೨-೧೧-೧೯೮೭

ತಮ್ಮ ಯಂಕೋಬನಿಗೆ,

ಸಲಾಂ. ರಾಯಚೂರಿನಿಂದ ಬಂದ ಕೂಡಲೇ ಬರೆಯಬೇಕಿತ್ತು, ತಡವಾಯಿತು. ಉಂಡ ಮನೆಗೆ ಒಂದು ಮಾತು ಹೇಳಿಕಳಿಸದವ ಎಂದು ನಿನ್ನ ಹೆಂಡತಿ ಸೂಗಮ್ಮ ಬೈದಿರಬೇಕು. ಅವಳು ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಕಲ್ಲೂರು ಬರುವಷ್ಟರಲ್ಲೇ ಖಾಲಿಯಾಯಿತು, ಹೇಳು. ಇಮಾಮ್ ಬೀಯೇ ಹೆಚ್ಚು ತಿಂದಳು.

ಆಟ ಮುಗಿದ ಮೇಲೆ ನೀನು ಕ್ಯಾಬಿನ್ನಿನಿಂದ ಓಡಿ ಬಂದು, “ಆತೇನಣ್ಣ? ಯಕ್ಕಗ ನೆನಪಾತೇನು?” ಎಂದು ಕೇಳಿದೆ. ನಾನು ಆತು ಎಂದೆ. ನಿನ್ನ ಮುಖ ನೋಡಿ ಬೇರೆ ಹೇಳಲು ಬಾಯಿ ಬರಲಿಲ್ಲ. ನೀನು ಮೇಲಿದ್ದೆ, ಕೆಳಗೆ ನಡೆದದ್ದು ನಿನಗೆ ಕಾಣುವಂತಿರಲಿಲ್ಲ. ಅದನ್ನು ಹೇಳಲೆಂದೇ ಈ ಪತ್ರ.

ಅಷ್ಟು ದೊಡ್ಡ ಥೇಟರಿನಲ್ಲಿ ನಾವಿಬ್ಬರೇ. ನನಗೆ ಆ ಖಾಲಿ ಕುರ್ಚಿಗಳನ್ನು ನೋಡಿಯೇ ಹೇಗೋ ಆಯಿತು, ಎದುರಿಗೆ ಜನವಿಲ್ಲದೆ ನಾನು ಎಂದೂ ಕಥೆ ಹೇಳಿದವನಲ್ಲ. ಲೈಟು ಆರಿತು, ಮುದುಕ ಬಂದ. ಮೈಕಿಲ್ಲ, ಅವಳ ಕಿವಿಯ ಹತ್ತಿರ ಬಾಗಿ ಹೇಳತೊಡಗಿದೆ. ‘ದಿ ಎಂಡ್’ ಬಂದಾಗ ಹಳೆಯ ಮಾತನ್ನೇ ಹೇಳಿದೆ, ಮುಪ್ಪು ಮುಗೀತು ಎಂದು. ಅವಳು ಕತ್ತಲಲ್ಲಿ ನನ್ನ ಕೈ ಹುಡುಕಿ ಹಿಡಿದುಕೊಂಡಳು. “ಇಷ್ಟು ದಿನ ಎಲ್ಲಿ ಹೋಗಿದ್ರಿ?” ಎಂದಳು. ಇಲ್ಲೇ ಇದ್ದೆ ಎಂದೆ. “ಸುಳ್ಳ ಹೇಳಬ್ಯಾಡ್ರಿ. ನಾ ಒಬ್ಬಾಕೀನ ಇದ್ದೆ” ಎಂದಳು.

ಆಮೇಲೆ ಡ್ರಮ್ಮು ಜೋರಾದಂತೆ ಅವಳ ಮಾತೂ ಜೋರಾಯಿತು. ನಮ್ಮ ಮಗಳು ಜೈನಾಬ್ ಹುಟ್ಟಿದಾಗ ನಾನು ಮಸರಕಲ್ಲಿನ ಡೇರೆಯಲ್ಲಿದ್ದು ಮೂರು ದಿನ ಬರದೇ ಇದ್ದದ್ದನ್ನು ನೆನೆಸಿ ಬೈದಳು. ಆ ಬೈಗುಳ ನನಗೆ ಎಷ್ಟು ಸಿಹಿಯಾಗಿತ್ತೆಂದರೆ, ಪರದೆಯ ಮೇಲೆ ಕಥೆ ಎಲ್ಲಿಗೆ ಬಂತೆಂದೇ ಮರೆತೆ. ಬಹಳ ದಿನದ ಮೇಲೆ ನಾನು ಒಂಟಿಯಾಗಿರಲಿಲ್ಲ. ಹುಲ್ಲುಕಡ್ಡಿ ನಿಜವಾಗಿಯೂ ಆಸರೆಯಾಯಿತು ಅಂದುಕೊಂಡೆ.

ಆಟ ಮುಗಿದು ಲೈಟು ಬಂತು. ಅವಳು ತಿರುಗಿ ನನ್ನ ಮುಖ ನೋಡಿದಳು. ಕೈ ಕಿತ್ತುಕೊಂಡು ತಲೆಯ ಮೇಲೆ ಸೆರಗು ಎಳೆದುಕೊಂಡಳು, ಎದ್ದು ಒಂದು ಕುರ್ಚಿ ಬಿಟ್ಟು ಆಚೆ ಕೂತಳು. “ನಮ್ಮನಿಯವ್ರು ಈಗ ಇಲ್ಲೇ ಕುಂತಿದ್ರು. ಎತ್ಲಾಗ ಹೋದ್ರು, ನೋಡೀರೇನ್ರಿ?” ಎಂದು ನನ್ನನ್ನೇ ಕೇಳಿದಳು. ಅಷ್ಟರಲ್ಲಿ ನೀನು ಬಂದೆ.

ನಿನ್ನಿಂದ ಏನೂ ತಪ್ಪಾಗಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ರೀಲು ಸರಿಯಾಗಿಯೇ, ಅಂದರೆ ನಮ್ಮ ತಪ್ಪಿನ ಪ್ರಕಾರವೇ ಓಡಿಸಿದೆ. ಸತ್ತಾರ್ ಸಾಬ್ ಅವರಿಗೆ ನನ್ನ ಸಲಾಂ ಹೇಳು. ನೀನು, ಸೂಗಮ್ಮ ತಣ್ಣಗಿರಿ. ನಿಮ್ಮಿಬ್ಬರಿಗೂ ಮುಪ್ಪು ಒಟ್ಟಿಗೇ ಬರಲಿ, ಒಬ್ಬರ ಗುರುತು ಒಬ್ಬರಿಗೆ ಉಳಿಯಲಿ.

ನಿನ್ನ ಅಣ್ಣ,
ಗುಲಾಮ್ ದಸ್ತಗೀರ್

ತಾ.ಕ.: ಮೊನ್ನೆ ಜೈನಾಬ್ ದೇವದುರ್ಗದಿಂದ ಬಂದಿದ್ದಳು. ಸಂಜೆ ನಾವಿಬ್ಬರೂ ಕತ್ತಲಲ್ಲಿ ಕೂತದ್ದನ್ನು ಕಂಡು, ಕರೆಂಟು ಇದ್ದೂ ಹೀಗೇಕೆ ಎಂದು ರೇಗಿ ಲೈಟು ಹಾಕಿದಳು. ಅವಳಿಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ. ರಾಯಚೂರಿನಿಂದ ಬಂದ ಮೇಲೆ ಸಂಜೆ ನಾನು ಲೈಟು ಹಾಕುವುದಿಲ್ಲ. ಕತ್ತಲಲ್ಲಿ ದನಿ ಕೇಳಿದರೆ ಇಮಾಮ್ ಬೀಗೆ ನಾನು ಸಿಗುತ್ತೇನೆ, ಮಲಗುವ ತನಕ ಮಾತಾಡುತ್ತಾಳೆ. ನಿನ್ನೆ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: “ನೀವು ಇಲ್ದಾಗ, ಹಗಲೊತ್ತು, ಮನ್ಯಾಗ ಒಬ್ಬ ಮುದುಕ ಬಂದು ಕುಂದರ್ತಾನ್ರಿ. ಚಾ ಮಾಡಿ ಕೊಡ್ತಾನ, ನನ್ನ ತಲಿ ಬಾಚ್ತಾನ. ಕೆಟ್ಟಾಂವ ಅಲ್ಲ, ಪಾಪ. ಆದ್ರೂ ನನಗ ಅಂಜಿಕಿ ಬರ್ತದ. ಇನ್ನ ಬರಬ್ಯಾಡ ಅಂತ ಅವಗ ಹೇಳ್ರಿ.”

ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.