ಎಂಟು ಇಂಚಿನ ಸಮುದ್ರ

ದೋಣಿಯ ಒಳಗಿಂದ,
ಅಕ್ಟೋಬರ್ ೨೬, ಭಾನುವಾರ ಮಧ್ಯಾಹ್ನ

ನನ್ನ ಮುಂಗೋಪದ ಕ್ಯಾಪ್ಟನ್‌ಗೆ,

ಹೇಗಿದ್ದೀರಿ? ಬಲಗೈ ಬೆರಳು ಮಡಚಲು ಬರುತ್ತಿದೆ, ಚಮಚ ಹಿಡಿಯುತ್ತೀರಿ ಎಂದು ನಿಮ್ಮ ಅಕ್ಕ ಫೋನಿನಲ್ಲಿ ಹೇಳಿದರು. ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು. ವ್ಯಾಯಾಮ ಮಾಡಿಸಲು ಬರುವ ಹುಡುಗಿಯ ಮೇಲೆ ರೇಗುತ್ತೀರಂತೆ. ಅದೂ ಒಳ್ಳೆಯ ಸುದ್ದಿಯೇ, ರೇಗುವಷ್ಟು ಶಕ್ತಿ ಬಂತಲ್ಲ. ವಾರಕ್ಕೊಂದು ಕಾಗದ ಹಾಕುತ್ತೇನೆ ಎಂದವಳು ಇಷ್ಟು ದಿನ ಸುಮ್ಮನಿದ್ದುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡಿ. ಕೈತುಂಬ ಕೆಲಸವಿತ್ತು. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಫೋನಿನಲ್ಲಿ ನೀವು ನನ್ನ ಮಾತು ಮುಗಿಯುವುದಕ್ಕೇ ಬಿಡುವುದಿಲ್ಲ. ಕಾಗದವಾದರೆ ಕೊನೆಯವರೆಗೂ ಕೇಳಲೇಬೇಕು.

ಬಂದರು ಕಚೇರಿಯ ಮೇಡಂ ನನ್ನನ್ನು ಕರೆಸಿದ್ದರು. ಕುರ್ಚಿ ಕೊಟ್ಟರು, ನಿಮ್ಮ ಆರೋಗ್ಯ ವಿಚಾರಿಸಿದರು, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. "ನೋಡಿ, ಮುಂದಿನ ತಿಂಗಳು ಶುರುವಾಗೋದ್ರೊಳಗೆ ನಿಮ್ಮ ದೋಣಿ ಓಡ್ಬೇಕು. ನಡುಗಡ್ಡೆಯವರು ಎಷ್ಟು ದಿನ ಅಂತ ಸಾಮಾನಿಗೆ ಕಾಯ್ತಾರೆ? ಇಲ್ಲಾಂದ್ರೆ ಆ ದಾರಿ ಬೇರೆಯವರಿಗೆ ಕೊಡ್ಬೇಕಾಗುತ್ತೆ."

"ನಾನು ಓಡಿಸ್ತೀನಿ" ಎಂದೆ.

"ಒಬ್ರೇನಾ?"

"ಒಬ್ಬಳೇ."

ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಒಬ್ಬರೇ ಓಡಿಸುವುದಾದರೆ ದೋಣಿಯಲ್ಲಿ ಸಮುದ್ರದ ನಕ್ಷೆ ತೋರಿಸುವ ಸಾಧನ ಇರಲೇಬೇಕು, ಮತ್ತು ಒಂದು ಸಲ ತಾವೇ ಜೊತೆಗೆ ಬಂದು ನೋಡಬೇಕು ಎಂದರು. ಆಗಲಿ ಎಂದು ಎದ್ದು ಬಂದೆ.

ಇಷ್ಟು ವರ್ಷ ನಮ್ಮ ನಕ್ಷೆ ಅಂದರೆ ನಿಮ್ಮ ಕೈ. ನಡುಗಡ್ಡೆ ಹತ್ತಿರವಾದಂತೆ ನೀವು ದೋಣಿಯ ಮುಂತುದಿಗೆ ಹೋಗಿ ನಿಲ್ಲುತ್ತಿದ್ದಿರಿ. ಕೈ ಬಲಕ್ಕೆ ಚಾಚಿದರೆ ಬಲಕ್ಕೆ, ಎಡಕ್ಕೆ ಚಾಚಿದರೆ ಎಡಕ್ಕೆ, ಮುಷ್ಟಿ ಕಟ್ಟಿದರೆ ನಿಧಾನ. ನಾನು ಚುಕ್ಕಾಣಿ ಹಿಡಿದು ನಿಮ್ಮ ಬೆನ್ನನ್ನೂ ಆ ಕೈಯನ್ನೂ ನೋಡುತ್ತಿದ್ದೆ. ನೀರಿನಡಿಯ ಬಂಡೆಗಳನ್ನು ನಾನು ಕಂಡದ್ದು ನಿಮ್ಮ ತೋಳಿನಲ್ಲಿ ಮಾತ್ರ. ಈಗ ಆ ತೋಳು ನಿಮ್ಮ ಅಕ್ಕನ ಮನೆಯಲ್ಲಿ ದಿಂಬಿನ ಮೇಲಿದೆ. ಅದರ ಜಾಗಕ್ಕೆ ಒಂದು ಟ್ಯಾಬ್ ತರಬೇಕು ಎಂದರೆ ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಏನೋ ಸಂಕಟ.

ಎಂಜಿನ್ ರಿಪೇರಿಯ ಗ್ರೀಸ್ ಮಾಮ ನಾನೂ ಬರ್ತೀನಿ ಎಂದು ಗಂಟುಬಿದ್ದ. ಅವನ ವಿಷಯ ನಿಮಗೆ ಗೊತ್ತೇ ಇದೆ. ಅಂಗಡಿಯೊಳಗೆ ಕಾಲಿಟ್ಟವನೇ ಊಟದ ತಟ್ಟೆಗಿಂತ ದೊಡ್ಡದೊಂದನ್ನು ಎತ್ತಿಕೊಂಡು, "ಇದೇ ತಗೋ ತಾಯಿ, ಇದರಲ್ಲಿ ಮೀನೂ ಕಾಣಿಸುತ್ತೆ" ಎಂದ. ಅಂಗಡಿಯಾಕೆ ಜಾಣೆ. "ಎಲ್ಲಿಡ್ತೀರಿ ಇದನ್ನ?" ಎಂದು ಕೇಳಿದಳು. ಚುಕ್ಕಾಣಿಯ ಮುಂದಿಟ್ಟರೆ ಗಾಜಿಗೆ ಅಡ್ಡ, ಪಕ್ಕದಲ್ಲಿಟ್ಟರೆ ಮೊಣಕೈಗೆ ಅಡ್ಡ. ನಕ್ಷೆ ನೋಡಿಕೊಂಡು ಸಮುದ್ರ ನೋಡದೆ ಹೋದರೆ ಏನು ಗತಿ? ದೊಡ್ಡದು ಬೇಡ ಎಂದೆ. ಮಾಮ ಮುಖ ಊದಿಸಿಕೊಂಡ.

ಆಮೇಲೆ ಅಗ್ಗದ್ದೊಂದು ತೋರಿಸಿದಳು. ಮನಸ್ಸು ಅದಕ್ಕೇ ಜೋತುಬಿದ್ದಿತ್ತು. ಆದರೆ ಅದರಲ್ಲಿ ಸಿಮ್ ಹಾಕಲು ಜಾಗವಿಲ್ಲ, ನಾವೆಲ್ಲಿದ್ದೇವೆ ಎಂದು ಆಕಾಶದಿಂದ ತಿಳಿದುಕೊಳ್ಳುವ ಜಿಪಿಎಸ್ಸೂ ಒಳಗಿಲ್ಲವಂತೆ. ದಡದಲ್ಲಿ ವೈಫೈ ಇರುವಲ್ಲಿ ಚೆನ್ನಾಗಿ ತೋರಿಸುತ್ತದೆ, ನೀರಿನ ನಡುವೆ ಕೈಕೊಡುತ್ತದೆ. ಅಂಥವರನ್ನು ನಾವು ಸಾಕಷ್ಟು ನೋಡಿದ್ದೇವೆ, ದುಡ್ಡು ಕೊಟ್ಟು ಇನ್ನೊಬ್ಬರನ್ನು ತರುವುದು ಯಾಕೆ? ಕೊನೆಗೆ ಎಂಟು ಇಂಚಿನದು ಹಿಡಿಸಿತು. ಜಿಪಿಎಸ್ ಒಳಗೇ ಇದೆ, ನಕ್ಷೆಯನ್ನು ದಡದಲ್ಲೇ ಇಳಿಸಿಟ್ಟುಕೊಂಡರೆ ಸಿಗ್ನಲ್ ಇಲ್ಲದಿದ್ದರೂ ನಡೆಯುತ್ತದೆ, ಬೆಳಕು ಜೋರಾಗಿದೆ. ಖರೀದಿಗೆ ಮೊದಲು ಒಂದು ದಿನ ನೀರಿನ ಮೇಲೆ ನೋಡುತ್ತೇನೆ ಎಂದು ಹಟ ಹಿಡಿದೆ. ಆಕೆ ಅಂಗಡಿಯಲ್ಲಿ ತೋರಿಸಲು ಇಟ್ಟಿದ್ದ ಅಂಥದ್ದೇ ಒಂದನ್ನು ಕೊಟ್ಟು ಕಳಿಸಿದಳು.

ಈಗ ನಗಬೇಡಿ. ಮರುದಿನ ಬೆಳಿಗ್ಗೆ ಟ್ಯಾಬನ್ನು ಚುಕ್ಕಾಣಿಯ ಪಕ್ಕ ಉದ್ದಕ್ಕೆ ನಿಲ್ಲಿಸಿ ಕಟ್ಟಿ ಬಂದರಿನ ಬಾಯಿ ದಾಟಿದೆ. ಬಿಸಿಲು ಕಣ್ಣಿಗೆ ಹೊಡೆಯಿತು. ಮೊಳೆಗೆ ತೂಗುಹಾಕಿದ್ದ ನಿಮ್ಮ ಕಪ್ಪು ಕನ್ನಡಕ ಹಾಕಿಕೊಂಡೆ. ಟ್ಯಾಬ್ ನೋಡಿದರೆ ಕಗ್ಗತ್ತಲು! ಗುಂಡಿ ಒತ್ತಿದೆ, ತಟ್ಟಿದೆ, ಬೈದೆ. ದೋಣಿ ತಿರುಗಿಸಿಕೊಂಡು ಬಂದು, ಕನ್ನಡಕವನ್ನೂ ತೆಗೆಯದೆ ಸೀದಾ ಅಂಗಡಿಗೆ ನುಗ್ಗಿ, "ಸತ್ತ ಮಾಲು ಕೊಟ್ಟಿದ್ದೀಯಲ್ಲಮ್ಮಾ" ಎಂದು ಕೂಗಾಡಿದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಕೆ ಟ್ಯಾಬ್ ನೋಡಿದಳು, ನನ್ನ ಮುಖ ನೋಡಿದಳು, ಕೈ ನೀಡಿ ನನ್ನ ಕನ್ನಡಕ ತೆಗೆದಳು. ನಕ್ಷೆ ಝಗಝಗ ಅನ್ನುತ್ತಿದೆ! ನೀರಿನ ಮೇಲಿನ ಹೊಳಪು ತಡೆಯುವ ಇಂಥ ಗಾಜು ಪರದೆಯ ಬೆಳಕನ್ನೂ ತಡೆಯುತ್ತದಂತೆ, ಟ್ಯಾಬನ್ನು ಅಡ್ಡಕ್ಕೆ ತಿರುಗಿಸಿದರೆ ಕಾಣುತ್ತದಂತೆ. "ಕನ್ನಡಕ ಯಾರದು?" ಎಂದಳು. "ನಮ್ಮೆಜಮಾನ್ರದು" ಎಂದೆ. ಆಕೆ ನಕ್ಕ ನಗುವಿಗೆ ನಾನೂ ನಕ್ಕುಬಿಟ್ಟೆ. ಅಡ್ಡಕ್ಕೆ ಇಡಲು ಜಾಗವಿಲ್ಲ. ಟ್ಯಾಬ್ ಕೊಂಡೆ, ಕನ್ನಡಕ ಬಿಟ್ಟು ಅಗಲ ಅಂಚಿನ ಟೋಪಿಯನ್ನೂ ಕೊಂಡೆ.

ಇನ್ನೂ ಕೆಲವು ಪಾಠ ಕಲಿತೆ. ನೀರು ಸಿಡಿದರೆ ಹನಿಯನ್ನೇ ಬೆರಳೆಂದು ತಿಳಿದು ನಕ್ಷೆ ಎಲ್ಲೆಲ್ಲಿಗೋ ಓಡುತ್ತದೆ, ಹಾಗಾಗಿ ನೀರು ಹೋಗದ ಚೀಲ ಹಾಕಿದೆ. ಚೀಲದೊಳಗೆ ಬಿಸಿಲಿಗೆ ಕಾದು ತಾನೇ ಆರಿಹೋಗುತ್ತದೆ, ಹಾಗಾಗಿ ಮೇಲೆ ಹಲಗೆಯ ನೆರಳು ಕಟ್ಟಿದೆ. ದೋಣಿಯ ಬ್ಯಾಟರಿಯಿಂದ ಚಾರ್ಜಿಗೆ ಮಾಮ ತಂತಿ ಎಳೆದುಕೊಟ್ಟ. ಮುನಿಸು ಅಷ್ಟರೊಳಗೆ ಇಳಿದಿತ್ತು. ಲಂಗರು ಹಾಕಿದಾಗ ಅದರಲ್ಲೇ ಹವಾಮಾನ ನೋಡುತ್ತೇನೆ, ಹಳೆಯ ಹಾಡು ಕೇಳುತ್ತೇನೆ. ನೀವು ಪಕ್ಕದಲ್ಲಿಲ್ಲದೆ ಚಹಾ ಕುಡಿಯುವಾಗ ಏನಾದರೂ ಒಂದು ಮಾತಾಡುತ್ತಿರಬೇಕು ನೋಡಿ. ನಿಮ್ಮ ದಿಕ್ಸೂಚಿಯನ್ನು ಮಾತ್ರ ಅಲುಗಿಸಿಲ್ಲ. ಟ್ಯಾಬ್ ಮುನಿಸಿಕೊಂಡ ದಿನ ಅದು ಬೇಕು.

ಮೊನ್ನೆ ಶುಕ್ರವಾರ ಮೇಡಂ ಬಂದರು. ಬೆಂಚಿನ ಮೇಲೆ ಕೂತು ಹಗ್ಗ ಗಟ್ಟಿಯಾಗಿ ಹಿಡಿದುಕೊಂಡರು. ಅವರಿಗೂ ಭಯ, ನನಗೂ ಭಯ, ಇಬ್ಬರೂ ಹೇಳಲಿಲ್ಲ. ಬಂಡೆಗಳ ಜಾಗ ಹತ್ತಿರವಾದಾಗ ಅಭ್ಯಾಸಬಲದಿಂದ ತಲೆಯೆತ್ತಿ ಮುಂತುದಿ ನೋಡಿದೆ. ಖಾಲಿ. ಅಳುವ ಹೊತ್ತಲ್ಲ ಇದು ಎಂದು ನನಗೆ ನಾನೇ ಗದರಿಕೊಂಡು ಟ್ಯಾಬಿನ ಕಡೆ ಕಣ್ಣು ಹಾಯಿಸಿದರೆ, ಅಷ್ಟರಲ್ಲೇ ನನ್ನ ಕೈ ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿಯಾಗಿತ್ತು. ಪರದೆಯಲ್ಲಿ ಬಂಡೆಯ ಗುರುತು ಬಲಗಡೆ ಸರಿದುಹೋಯಿತು. ಮುಂದಿನದಕ್ಕೂ ಹಾಗೇ ಆಯಿತು, ಅದರ ಮುಂದಿನದಕ್ಕೂ. ನಾನು ಇಷ್ಟು ವರ್ಷ ನಿಮ್ಮ ಕೈ ಮಾತ್ರ ನೋಡುತ್ತಿದ್ದೆ ಎಂದುಕೊಂಡಿದ್ದೆ. ದಾರಿಯೂ ನನ್ನೊಳಗೆ ಇಳಿದಿತ್ತು, ನನಗೇ ಗೊತ್ತಿರಲಿಲ್ಲ.

ನಡುಗಡ್ಡೆಯ ಕಟ್ಟೆಗೆ ಹಗ್ಗ ಎಸೆದಾಗ ಅಲ್ಲಿನ ನರ್ಸಮ್ಮ ಔಷಧಿ ಪೆಟ್ಟಿಗೆ ಇಳಿಸಿಕೊಳ್ಳಲು ಕಾಯುತ್ತಿದ್ದಳು. "ಅಯ್ಯೋ, ನೀವೊಬ್ರೇ ಬಂದ್ರಾ!" ಎಂದು ಕೂಗಿದಳು. ಮೇಡಂ ಕೆಳಗಿಳಿದು ಸೀರೆಯ ನೆರಿಗೆ ಸರಿಮಾಡಿಕೊಂಡು, "ಒಂದನೇ ತಾರೀಕಿಂದ ಶುರು ಮಾಡಿ" ಎಂದರು.

ಶುರು ಮಾಡುತ್ತೇನೆ. ಮಳೆ ಬರಲಿ, ಗಾಳಿ ಬರಲಿ, ಓಡಿಸಬಾರದ ದಿನ ಓಡಿಸುವುದಿಲ್ಲ, ಓಡಿಸಬೇಕಾದ ದಿನ ಬಿಡುವುದಿಲ್ಲ. ನೀವು ಬೇಗ ಗುಣವಾಗಿ ಬನ್ನಿ. ಮುಂತುದಿಯಲ್ಲಿ ಬೆನ್ನಿಗೆ ಆಸರೆಯಿರುವ ಕುರ್ಚಿಯೊಂದನ್ನು ಬಿಗಿಸಿ ಇಟ್ಟಿದ್ದೇನೆ. ಆ ಕೈಗೆ ಬಲ ಬರಲಿ, ನಿದ್ದೆ ಚೆನ್ನಾಗಿ ಬರಲಿ, ಎದ್ದ ಕೂಡಲೇ ರೇಗುವುದಕ್ಕೆ ಯಾರಾದರೂ ಎದುರಿಗಿರಲಿ. ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮವಳೇ,
ಚುಕ್ಕಾಣಿಯವಳು

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ತಡೆದಿಟ್ಟದ್ದು. ತಡವಾಗಿದ್ದಕ್ಕೆ ಮೇಲೆ ಕೊಟ್ಟ ಕಾರಣ ಅರ್ಧ ಮಾತ್ರ ನಿಜ. ಮೇಡಂ ನನ್ನನ್ನು ಕಚೇರಿಗೆ ಕರೆಸಿದ ಹಿಂದಿನ ದಿನ ಒಬ್ಬಾತ ದೋಣಿ ನೋಡಲು ಬಂದ, ಕೊಳ್ಳುವವನು. ನೀವೇ ಫೋನ್ ಮಾಡಿ ಕರೆದಿರಂತೆ. ಎಂಜಿನ್ ತಟ್ಟಿ ನೋಡಿದ, ಹಲಗೆ ಒತ್ತಿ ನೋಡಿದ. ಇದು ಮಾರಾಟಕ್ಕಿಲ್ಲ, ನಾನೇ ಓಡಿಸುತ್ತೇನೆ ಎಂದೆ. ಪಾಪ, ಆತ ಕೆಟ್ಟವನಲ್ಲ, ಕೇಳಿದ್ದನ್ನು ಹೇಳಿದ: "ನಿಮ್ಮೆಜಮಾನ್ರು ಬೇರೇನೇ ಹೇಳಿದ್ರಲ್ಲಮ್ಮಾ. ಅವಳು ಸುಮ್ನೆ ಚುಕ್ಕಾಣಿ ಹಿಡ್ಕೊಂಡಿರ್ತಾಳೆ, ಅವಳಿಗೆ ದಾರಿ ಗೊತ್ತಿಲ್ಲ ಅಂದ್ರು."

ನನ್ನ ಮೇಲಿನ ಕಾಳಜಿಗೇ ಹಾಗಂದಿರಿ ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ ಆ ಮಾತು ಮುಳ್ಳಿನ ಹಾಗೆ ಒಳಗೇ ಇದೆ. ಬನ್ನಿ, ಬಂದು ಆ ಕುರ್ಚಿಯಲ್ಲಿ ಕೂತು ನೋಡಿ. ಒಂದೇ ಒಂದು ಕೇಳುತ್ತೇನೆ, ಉತ್ತರವನ್ನು ಕಾಗದದಲ್ಲೇ ಬರೆಯಿರಿ, ಎಡಗೈಯಲ್ಲಾದರೂ ಸರಿ. ಇಷ್ಟು ವರ್ಷ ನಿಮ್ಮ ಕೈ ಬಲಕ್ಕೆ ಚಾಚಿದಾಗ ಬಲಕ್ಕೆ, ಎಡಕ್ಕೆ ಚಾಚಿದಾಗ ಎಡಕ್ಕೆ ತಿರುಗಿಸಿದೆನಲ್ಲ, ನಿಮಗೆ ದಾರಿ ಗೊತ್ತಾ ಎಂದು ನಾನು ಒಂದು ಸಲವಾದರೂ ಕೇಳಿದ್ದೆನೇ?