ಹಕ್ಕಿಯ ಕಣ್ಣು ಮತ್ತು ನಮ್ಮ ಮನೆಯ ಸ್ವಿಚ್ಚು

ನಗರ ಕಲಾ ಇಲಾಖೆಯ ಮಾನ್ಯ ಮುಖ್ಯಸ್ಥರೇ,

ಸಂಜೆಯ ಪ್ರದರ್ಶನ ಮುಗಿಯುವವರೆಗೆ ನಮ್ಮ ಬೀದಿ ಕಡೆಯ ಕೋಣೆಯಲ್ಲಿ ದೀಪ ಹಾಕಬಾರದೆಂದು ಆಜ್ಞೆ ಮಾಡಿದ್ದೀರಿ. ಕಲೆಗೆ ಅಡ್ಡಿಯಂತೆ. ಪಾಲಿಸುತ್ತಿದ್ದೇವೆ. ಕತ್ತಲಲ್ಲಿ ಉಂಡರೂ ತುತ್ತು ಬಾಯಿಗೇ ಹೋಗುತ್ತದೆ, ಮೂಗಿಗಲ್ಲ. ಆ ಬಗ್ಗೆ ತಕರಾರಿಲ್ಲ.

ನಮ್ಮ ಕಟ್ಟಡದ ಗೋಡೆಯ ಹಕ್ಕಿ ನಿಮಗೆ ಗೊತ್ತೇ ಇದೆ; ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದೀರಲ್ಲ. ಅದನ್ನು ಬರೆದ ಕಲಾವಿದೆ ಕಣ್ಣೊಂದನ್ನು ಮಾತ್ರ ಬರೆಯಲಿಲ್ಲ. ಆ ಜಾಗದಲ್ಲಿ ನಮ್ಮ ಅದೇ ಕೋಣೆಯ ಕಿಟಕಿ ಇತ್ತು. ಹಗ್ಗದ ಹಲಗೆಯಲ್ಲಿ ನೇತಾಡುತ್ತಲೇ ಒಳಗೆ ಇಣುಕಿ, ಹಾಸಿಗೆ ಹಿಡಿದಿದ್ದ ನನ್ನ ಅಮ್ಮನಿಗೆ, "ಕಣ್ಣು ನೀವೇ ಕೊಡ್ಬೇಕಮ್ಮಾ. ಕತ್ತಲಾದ್ಮೇಲೆ ಲೈಟ್ ಹಾಕಿ, ಸಾಕು" ಎಂದಳು. ಲಕ್ವ ಹೊಡೆದ ಮೇಲೆ ಅಮ್ಮನಿಗೆ ಆಡುವುದು ಎಡಗೈ ಒಂದೇ. ಸ್ವಿಚ್ಚನ್ನು ಹಾಸಿಗೆಯ ಪಕ್ಕಕ್ಕೆ ಹಾಕಿಸಿದೆ. ಅಂದಿನಿಂದ ನಾವ್ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಬೀದಿಯ ಮಕ್ಕಳು ಹಕ್ಕಿಯನ್ನು ಎಬ್ಬಿಸಜ್ಜಿ ಎಂದು ಗೋಗರೆಯುವವರೆಗೂ ಸತಾಯಿಸಿ ಆಮೇಲೆ ಒತ್ತುತ್ತಿದ್ದಳು. ತಾನು ಯಾರಿಗೂ ಬೇಡವಾದೆ ಎಂಬ ಮಾತು ಅವಳ ಬಾಯಲ್ಲಿ ನಿಂತೇಹೋಗಿತ್ತು.

ಆಮೇಲೆ ನಿಮ್ಮ ಪ್ರೊಜೆಕ್ಟರ್ ಬಂತು. ಬೆಳಕು ಬಿದ್ದರೆ ಬಣ್ಣದ ರೆಕ್ಕೆ ಬಡಿಯುತ್ತದೆ, ಗರಿಗಳು ಉದುರುತ್ತವೆ. ಚೆನ್ನಾಗಿದೆ, ಸುಳ್ಳೇಕೆ ಹೇಳಲಿ? ಆದರೆ ನಮ್ಮ ಕಿಟಕಿಯ ಮೇಲೂ ಬೆಳಕು ಬಿಟ್ಟು ಕಣ್ಣನ್ನೂ ನೀವೇ ತೆರೆಸಬೇಕಿತ್ತೇ? ಇದ್ದ ಕಣ್ಣು ಕಿತ್ತು ನೇತ್ರದಾನ ಮಾಡುವುದನ್ನು ಯಾವ ಕಲಾಶಾಲೆಯಲ್ಲಿ ಕಲಿಸುತ್ತಾರೆ? ಮೊದಲ ದಿನ ಕೆಳಗೆ ಮಕ್ಕಳು ಚಪ್ಪಾಳೆ ತಟ್ಟಿದಾಗ ಅಮ್ಮನ ಬೆರಳು ಸ್ವಿಚ್ಚಿನ ಮೇಲೆಯೇ ಇತ್ತು.

"ನಾನಿನ್ನೂ ಹಾಕೇ ಇಲ್ವಲ್ಲೇ" ಎಂದಳು.

ಆಮೇಲೆ ಅವಳು ಒತ್ತಿಯೇ ಬಿಟ್ಟಳು. ನಿಮ್ಮ ಕಣ್ಣು ಮಂಕಾಯಿತು. ಮರುದಿನವೇ ಆಜ್ಞೆ ಬಂತು. ನಮ್ಮ ನಲ್ಲಿಯ ದೂರಿಗೂ ಇಲಾಖೆಗಳು ಇಷ್ಟು ಚುರುಕಾಗಿದ್ದರೆ!

ಕಿಟಕಿಯಷ್ಟು ಜಾಗವನ್ನು ಬೆಳಕು ಬೀಳದಂತೆ ಬಿಡುವುದು ಸುಲಭದ ಕೆಲಸ, ಮೇಲಿನವರು ಹೇಳಬೇಕಷ್ಟೇ ಎಂದು ನಿಮ್ಮ ಪ್ರೊಜೆಕ್ಟರ್ ನಡೆಸುವವರೇ ಹೇಳಿದರು. ಮೇಲಿನವರೆಂದರೆ ನೀವೇ ತಾನೇ? ನಿಮಗೂ ಮೇಲೆ ಇನ್ನೊಬ್ಬರಿದ್ದರೆ ತಿಳಿಸಿ, ಅಲ್ಲಿಗೂ ಅಲೆಯುತ್ತೇನೆ. ಅಲೆದು ಅಭ್ಯಾಸವಾಗಿದೆ.

ಪ್ರದರ್ಶನ ನಿಲ್ಲಿಸಿ ಎನ್ನುತ್ತಿಲ್ಲ. ರೆಕ್ಕೆ ನಿಮ್ಮದೇ ಇರಲಿ, ಕಣ್ಣು ಅಮ್ಮನಿಗೆ ಬಿಡಿ. ಅವಳು ಒತ್ತಿದ ಮೇಲೆ ನಿಮ್ಮ ಹಕ್ಕಿ ಹಾರಲಿ. ಸ್ವಲ್ಪ ಸತಾಯಿಸುತ್ತಾಳೆ, ಕಾಯಿರಿ. ಆದರೆ ಬೇಗ ಹೇಳಿಕಳಿಸಿ. ಸ್ವಿಚ್ಚನ್ನು ಮೊದಲಿದ್ದ ಕಡೆಗೇ ಹಾಕಿಸಿಬಿಡು, ಇಲ್ಲಿ ಸುಮ್ಮನೆ ಯಾಕೆ ಎಂದು ನಿನ್ನೆ ಅಮ್ಮ ಹೇಳಿದಳು. ಎಲೆಕ್ಟ್ರಿಷಿಯನ್ ಭಾನುವಾರ ಬರುತ್ತಾನೆ.

ಇಂತಿ,
ಕಲೆಗಾಗಿ ಕತ್ತಲಲ್ಲಿ ಕುಳಿತಿರುವ
ಮೂರನೇ ಮಹಡಿಯವಳು