ಗೋಡೆಯಿಂದ ಇಳಿದ ಪಂದ್ಯಪಟ್ಟಿ

ಮಿಲ್‌ಬರ್ನ್, ಇಂಡಿಯಾನಾ
ಮಾರ್ಚ್ 28, ಗುರುವಾರ

ಪ್ರೀತಿಯ ತಮ್ಮ ವೆಂಡೆಲ್,

ಭುಜದ ನೋವು ಹೇಗಿದೆ? ನದಿಯ ಮೇಲೆ ಇನ್ನೂ ಚಳಿಯಿರಬೇಕು. ಸರಕು ದೋಣಿಯ ಹಗ್ಗ ಎಳೆಯುವಾಗ ನಾನು ಹೆಣೆದುಕೊಟ್ಟ ಸ್ವೆಟರ್ ಹಾಕಿಕೊಳ್ಳುತ್ತೀಯೋ ಇಲ್ಲವೋ ದೇವರಿಗೇ ಗೊತ್ತು. ನನ್ನ ಮೊಣಕಾಲು ಇದ್ದ ಹಾಗೇ ಇದೆ. ಫೋನ್ ಮಾಡಬಹುದಿತ್ತು, ಆದರೆ ನೀನು ಎರಡು ಮಾತಿಗೇ "ಕೆಲ್ಸ ಇದೆ ಅಕ್ಕಾ" ಅಂತ ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀಯ ಎಂಬ ನಂಬಿಕೆ.

ಈ ವಾರ ಕಚೇರಿಯಲ್ಲಿ ನಡೆದದ್ದರಿಂದ ನಾನಿನ್ನೂ ಸುಧಾರಿಸಿಕೊಂಡಿಲ್ಲ. ನಿನಗೆ ಗೊತ್ತಲ್ಲ, ಇಪ್ಪತ್ತಾರು ವರ್ಷಗಳಿಂದ ಮಾರ್ಚ್ ಬಂತೆಂದರೆ ನಮ್ಮ ಜಮೀನು ದಾಖಲೆ ಕಚೇರಿಯ ಕಾಫಿ ಮೇಜಿನ ಎದುರು ಗೋಡೆಗೆ ಕಾಲೇಜು ಬಾಸ್ಕೆಟ್‌ಬಾಲಿನ ಪಂದ್ಯಪಟ್ಟಿ ಅಂಟಿಸುವವಳು ನಾನೇ. ರದ್ದಾದ ನಕ್ಷೆಯ ಹಿಂಬದಿಯಲ್ಲಿ ಸ್ಕೇಲು ಹಿಡಿದು ಎಳೆದ ಗೆರೆಗಳು, ಅರವತ್ತನಾಲ್ಕು ತಂಡಗಳು. ಯಾರು ಯಾರನ್ನು ಸೋಲಿಸುತ್ತಾರೆಂದು ಕೊನೆಯ ಪಂದ್ಯದವರೆಗೂ ಊಹಿಸಿ, ಮೊದಲ ಗುರುವಾರ ಮಧ್ಯಾಹ್ನದೊಳಗೆ ಪ್ರತಿಯೊಬ್ಬರೂ ತಮ್ಮ ಹಾಳೆಯನ್ನು ಶಾಯಿಯಲ್ಲಿ ತುಂಬಿ ಕೊಡಬೇಕು. ಮನೆಯವರೂ ಸೇರಬಹುದು. ತಲೆಗೆ ಐದು ಡಾಲರ್. ದುಡ್ಡು ಯಾರಿಗೆ ಬೇಕು? ಗೆದ್ದವರು ಒಂದು ವರ್ಷ ತಮ್ಮ ಮನೆಯಲ್ಲಿ ತೂಗುಹಾಕಿಕೊಳ್ಳುವುದು ಕೆಡವಿದ ನಮ್ಮ ಹೈಸ್ಕೂಲಿನಲ್ಲಿ ಚೆಂಡು ಹಾಕುತ್ತಿದ್ದ ಆ ಸೊಟ್ಟಗಾದ ಕಬ್ಬಿಣದ ಬಳೆಯನ್ನು. ಕೊನೆಯಲ್ಲಿ ಬಂದವರು ಇಡೀ ಕಚೇರಿಗೆ ಸಿಹಿ ಕೆನೆ ಪೈ ಮಾಡಿ ತರಬೇಕು. ನಮ್ಮ ಕಚೇರಿಯ ಹಾಯ್ಟ್ ಪ್ರತಿವರ್ಷ ತಂಡಗಳ ಲಾಂಛನದ ಪ್ರಾಣಿ ನೋಡಿ ಆರಿಸುತ್ತಾನೆ. "ಕರಡಿ ಮುಂದೆ ಬಾತುಕೋಳಿ ಏನ್ ಮಾಡುತ್ತೆ ಲೊರೀನಕ್ಕಾ, ನೀವೇ ಹೇಳಿ" ಎನ್ನುತ್ತಾನೆ. ಅವನ ಹೆಂಡತಿ ಈಗ ಫೆಬ್ರವರಿಯಲ್ಲೇ ಪೈ ಹಿಟ್ಟು ತಂದಿಡುತ್ತಾಳಂತೆ.

ಸೋಮವಾರ ಬೆಳಿಗ್ಗೆ ಹೊಸ ಮೇಲಧಿಕಾರಿ ಬ್ರಾಂಟ್ ಕೀಸ್ಲಿಂಗ್ ಎಲ್ಲರನ್ನೂ ಕರೆದು ಒಂದು ಸುತ್ತೋಲೆ ಓದಿದ. ನೌಕರರೊಬ್ಬರಿಂದ ದೂರು ಬಂದಿದೆ, ಸರ್ಕಾರಿ ಕಟ್ಟಡದಲ್ಲಿ ಜೂಜು ನಡೆದಿದೆ, ನಡೆಸಿದ್ದು ಲೊರೀನ್ ಸ್ಟಾಲ್ಕಪ್. ಬುಧವಾರ ಸಂಜೆಯೊಳಗೆ ನಾನು ತಪ್ಪೊಪ್ಪಿಗೆಗೆ ಸಹಿ ಹಾಕಬೇಕು, ಇಲ್ಲವಾದರೆ ವಿಚಾರಣೆ. ನಿವೃತ್ತಿಗೆ ಹದಿನಾಲ್ಕು ತಿಂಗಳಿರುವಾಗ! ಅವನು ಓದುತ್ತಿದ್ದಾಗ ಅವನ ಬೆನ್ನ ಹಿಂದಿದ್ದ ಟೀವಿಯಲ್ಲಿ ಒಬ್ಬ ಹಲ್ಲು ಕಿರಿಯುತ್ತ, "ಫೋನಿನಲ್ಲಿ ಬಾಜಿ ಕಟ್ಟಿ, ಮೊದಲ ಬಾಜಿ ಪುಕ್ಕಟೆ" ಎಂದು ಜಾಹೀರಾತು ಹೇಳುತ್ತಿದ್ದ. ಆ ಧಂದೆಗೆ ಪರವಾನಗಿ ಕೊಟ್ಟವರು ಯಾರು? ಇದೇ ಸರ್ಕಾರ. ತೆರಿಗೆ ತಿನ್ನುವವರು ಯಾರು? ಇದೇ ಸರ್ಕಾರ. ಅಪ್ಪನ ಕಾಲದಲ್ಲಿ ಕ್ಷೌರದಂಗಡಿಯ ಗೋಡೆಯ ಪಟ್ಟಿಗೆ ಊರಿನ ಶೆರಿಫನೇ ಹೆಸರು ಬರೆಸುತ್ತಿದ್ದ, ಪಾದ್ರಿ ಭಾನುವಾರದ ಪ್ರಾರ್ಥನೆಯನ್ನು ಪಂದ್ಯದ ಹೊತ್ತು ನೋಡಿಕೊಂಡು ಮೊಟಕುಗೊಳಿಸುತ್ತಿದ್ದ. ಇದನ್ನೆಲ್ಲ ನಾನು ಬ್ರಾಂಟ್‌ನ ಮುಖದ ಮೇಲೆ ಹೇಳಿದೆ. "ನಂಗೂ ಬೇಜಾರೇ ಮೇಡಂ, ಆದ್ರೆ ನಿಯಮ ನಿಯಮಾನೇ" ಎಂದ. ಸತ್ತರೂ ಸಹಿ ಹಾಕುವುದಿಲ್ಲ ಎಂದು ಬಂದೆ. ರಾತ್ರಿ ಮೂರು ಪುಟದ ಉತ್ತರವನ್ನೂ ಬರೆದಿಟ್ಟೆ.

ದೂರು ಕೊಟ್ಟ ಹೇಡಿ ಯಾರೆಂದು ಎರಡು ದಿನ ಒಬ್ಬೊಬ್ಬರ ಮುಖವನ್ನೂ ಓದಿದೆ. ಮಂಗಳವಾರ ಊಟದ ಹೊತ್ತಿಗೆ ಮಾರ್ಲಾ ಟ್ರೂಬ್ಲಡ್ ನನ್ನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡಳು. ಇಪ್ಪತ್ತೆರಡು ವರ್ಷ ಪಕ್ಕದ ಮೇಜಿನಲ್ಲಿ ಕೂತವಳು, ನನ್ನ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ರಾತ್ರಿ ನನ್ನ ಜೊತೆ ಮಲಗಿದವಳು. ನಾನಿನ್ನೂ ಆ ಹೇಡಿಯನ್ನು ಬೈಯುತ್ತಲೇ ಇದ್ದೆ. "ಸಾಕು ನಿಲ್ಸೇ, ಬರ್ದಿದ್ದು ನಾನೇ" ಎಂದಳು.

ನನ್ನ ಕಡೆ ನೋಡದೆ, ಸ್ಟಿಯರಿಂಗ್ ಹಿಡಿದುಕೊಂಡೇ ತನ್ನ ಗಂಡನ ಕಥೆ ಹೇಳಿದಳು. "ಮೂರು ವರ್ಷದ ಹಿಂದೆ ನಮ್ಮ ವರ್ನನ್ ನಿನ್ನ ಪಟ್ಟೀಲಿ ಗೆದ್ದ, ನೆನಪಿದ್ಯಾ? ಆ ಬಳೆ ತಂದು ನಮ್ಮ ಜಗಲೀಲಿ ನೇತು ಹಾಕಿದ್ದು ನೀನೇ. ಅವತ್ತಿಂದ ತನಗೆ ಆಟದ ನಾಡಿ ಸಿಕ್ಕಿದೆ ಅನ್ಕೊಂಡ ಮಾರಾಯ್ತಿ. ಆಮೇಲೆ ಫೋನು. ಗೆಲ್ಲೋದು ಸೋಲೋದು ಬಿಡು, ಮುಂದಿನ ಚೆಂಡು ಬಳೆಗೆ ಬೀಳುತ್ತಾ ಇಲ್ವಾ ಅನ್ನೋದ್ರ ಮೇಲೂ ಬಾಜಿ. ಮೇ ತಿಂಗಳಲ್ಲಿ ಬ್ಯಾಂಕಿನವ್ರು ಮನೆ ತಗೋತಾರೆ. ದಿನಾ ಕಾಫಿ ಬಗ್ಗಿಸ್ಕೊಳ್ಳೋವಾಗ ಆ ಪಟ್ಟಿ ಎದುರಿಗೇ ಇರುತ್ತೆ. ನೀವೆಲ್ಲ ನಗ್ತಿರ್ತೀರ. ನಾನು ಕಪ್ಪು ಅಲ್ಲೇ ಇಟ್ಟು ಬಂದ್ಬಿಡ್ತೀನಿ." ನನಗೆ ಮೊದಲೇ ಹೇಳಬಾರದಿತ್ತೇ ಎಂದೆ. "ಹೇಗೇ ಹೇಳ್ಲಿ? ಆ ಪಟ್ಟಿ ಅಂದ್ರೆ ನೀನು ಬೇರೇನೂ ಕೇಳಿಸ್ಕೊಳ್ಳಲ್ಲ."

ವೆಂಡೆಲ್, ಆ ಬಳೆಯನ್ನು ನೇತುಹಾಕಿದ ದಿನ ವರ್ನನ್‌ನ ಬೆನ್ನು ತಟ್ಟಿ ನಾನು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಇಂಥ ತಲೆ ಇಟ್ಕೊಂಡು ಟ್ರಾಕ್ಟರ್ ರಿಪೇರಿ ಮಾಡ್ತಾ ಕೂತಿದ್ದೀಯಲ್ಲೋ!" ಅರವತ್ತಮೂರು ಪಂದ್ಯಗಳನ್ನು ಊಹಿಸುವುದು ಕುರುಡ ಕಲ್ಲೆಸೆದಂತೆ. ಹಾಯ್ಟ್‌ನ ಕರಡಿಯೂ ಒಂದು ವರ್ಷ ಗೆಲ್ಲಬಹುದಿತ್ತು. ಅದು ನನಗೆ ಗೊತ್ತಿತ್ತು, ಆದರೂ ಗೆದ್ದವರನ್ನೆಲ್ಲ ಜಾಣರೆಂದು ಇಪ್ಪತ್ತಾರು ವರ್ಷ ಹೊಗಳಿದ್ದೇನೆ. ಫೋನಿನ ಧಂದೆಯವರ ಮೇಲೆ ನನ್ನ ಸಿಟ್ಟು ಎಳ್ಳಷ್ಟೂ ಇಳಿದಿಲ್ಲ. ಆದರೆ ಅವರ ಬಾಗಿಲವರೆಗೆ ವರ್ನನ್‌ನನ್ನು ಕೈಹಿಡಿದು ಬಿಟ್ಟುಬಂದವಳು ನಾನು.

ನಿನ್ನೆ ಸಹಿ ಹಾಕಿದೆ. ವಾದಕ್ಕೆ ಸಿದ್ಧನಾಗಿ ಕೂತಿದ್ದ ಬ್ರಾಂಟ್ ಕಾಗದವನ್ನೂ ನನ್ನನ್ನೂ ಎರಡೆರಡು ಸಲ ನೋಡಿದ. ಇನ್ನೂ ಹದಿನಾರು ತಂಡಗಳು ಉಳಿದಿರುವಾಗಲೇ ಪಟ್ಟಿಯನ್ನು ಗೋಡೆಯಿಂದ ಕಿತ್ತು ಮಡಚಿದೆ. "ಅಕ್ಕಾ, ನನ್ನ ಕರಡಿ ಇನ್ನೂ ಬದುಕಿದೆ!" ಎಂದು ಹಾಯ್ಟ್ ಕೂಗಿದ. ಯಾರಿಗೂ ಕಾರಣ ಹೇಳಲಿಲ್ಲ. ಮಾರ್ಲಾ ತಲೆಯೆತ್ತಲಿಲ್ಲ. ಶನಿವಾರ ಅವಳ ಮನೆಗೆ ಹೋಗುತ್ತೇನೆ. ಏನು ಹೇಳಬೇಕೆಂದು ಗೊತ್ತಿಲ್ಲ, ಪಾತ್ರೆ ಪಗಡೆ ಕಟ್ಟುವುದಕ್ಕಾದರೂ ಎರಡು ಕೈ ಬೇಕಲ್ಲ.

ಮಳೆಯಲ್ಲಿ ದೋಣಿಯ ಅಂಚಿನಲ್ಲಿ ನಡೆಯಬೇಡ. ನಿನ್ನ ಜೊತೆಯವರಿಗೆಲ್ಲ ನನ್ನ ನೆನಪು ಹೇಳು. ದೇವರು ನಿನ್ನನ್ನು ಕಾಪಾಡಲಿ.

ನಿನ್ನ ಅಕ್ಕ,
ಲೊರೀನ್

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ಈ ಕಾಗದ ಬರೆದದ್ದೇ ಇದಕ್ಕಾಗಿ. ಇಷ್ಟು ವರ್ಷ ಎಲ್ಲಿದ್ದರೂ ನಿನ್ನ ಹಾಳೆ ಅಂಚೆಯಲ್ಲಿ ಬರುತ್ತಿತ್ತು. ಈ ವರ್ಷ ಬರಲಿಲ್ಲ. ಕೇಳಿದ್ದಕ್ಕೆ, "ಐದು ಡಾಲರಿನ ಮಕ್ಕಳಾಟ ನಂಗ್ಯಾಕೆ ಅಕ್ಕಾ" ಎಂದು ನೀನು ನಕ್ಕೆ. ನಾನೂ ನಕ್ಕುಬಿಟ್ಟೆ. ವೆಂಡೆಲ್, ನಿನ್ನ ಫೋನಿನಲ್ಲೂ ಆ ಬಾಜಿ ಇದೆಯೇ? ಹೌದು, ಇಲ್ಲ, ಎರಡರಲ್ಲಿ ಒಂದು ಬರಿ. ಹೌದಾದರೆ ಎಷ್ಟು ಕಳೆದುಕೊಂಡೆ ಎಂದು ಕೇಳುವುದಿಲ್ಲ. ದೋಣಿ ಯಾವ ದಡ ಮುಟ್ಟುತ್ತದೆ ಹೇಳು, ನಾನೇ ಕಾರು ತೆಗೆದುಕೊಂಡು ಬರುತ್ತೇನೆ.